ಅಂದದ ದೀಪದ ಹಿಂದೆ ಅಡಗಿದ ಬೆಂಕಿ!

ಸಂಜಯನಗರ ಮುಖ್ಯರಸ್ತೆಯಲ್ಲಿ ಸಂಜೆ ಬಸ್ಸಿಗೆ ಕಾಯುವವರು ಒಮ್ಮೆ ತಲೆ ಎತ್ತಿ ನೋಡಿ. ಬಟ್ಟೆ ಅಂಗಡಿ, ಬೇಕರಿ, ಔಷಧಿ ಅಂಗಡಿ, ಮೇಲಿನ ಮಹಡಿಯ ಮನೆ, ಎಲ್ಲೆಲ್ಲೂ ಸೂರಿನೊಳಗೇ ಹುದುಗಿ ಕೂತ ದುಂಡು ದೀಪಗಳು. ಹೋಲ್ಡರಿನಿಂದ ಬಲ್ಬು ನೇತಾಡುತ್ತಿದ್ದ ಕಾಲ ಹೋಯಿತು. ಈಗ ಫಾಲ್ಸ್ ಸೀಲಿಂಗ್ ಇಲ್ಲದ ಹಾಲು ಹಾಲೇ ಅಲ್ಲ ಅನ್ನುವಂತಾಗಿದೆ. ಅಂದ ಸರಿ ಸ್ವಾಮಿ, ಆದರೆ ಆ ಸೀಲಿಂಗಿನ ಮೇಲೆ ಏನಿದೆ ಅಂತ ಯಾರಾದರೂ ಇಣುಕಿ ನೋಡಿದ್ದೀರಾ?

ಇರುವುದು ಇಷ್ಟೇ: ಒಂದು ಗೇಣು ಜಾಗ, ಧೂಳು, ಜೇಡರ ಬಲೆ, ಕೆಲವು ಕಡೆ ಇಲಿ, ಮತ್ತು ಟೇಪು ಸುತ್ತಿದ ಹತ್ತಾರು ವೈರ್ ಜಾಯಿಂಟು. ಗಾಳಿ ಆಡುವುದಿಲ್ಲ. ಹುಟ್ಟಿದ ಬಿಸಿ ಅಲ್ಲೇ ಉಳಿಯುತ್ತದೆ.

ಹಳೇ ಹ್ಯಾಲೊಜನ್ ಕಾಟ

ಹತ್ತು ಹದಿನೈದು ವರ್ಷದ ಹಿಂದೆ ಸೀಲಿಂಗ್ ಮಾಡಿಸಿದ ಮನೆಗಳಲ್ಲಿ ಹ್ಯಾಲೊಜನ್ ದೀಪ ಇನ್ನೂ ಉಳಿದಿರಬಹುದು. ಚೋಟುದ್ದದ ದೀಪ, ಎಳೆಯುವುದು 50 ವ್ಯಾಟ್. ಅದರಲ್ಲಿ ಬೆಳಕು ಕಾಸಿನಷ್ಟು, ಬಿಸಿ ರೂಪಾಯಿಯಷ್ಟು. ಉರಿಯುವಾಗ ಅದರ ಗಾಜು 200 ಡಿಗ್ರಿಯನ್ನೂ ದಾಟುತ್ತದೆ. ಪಕ್ಕದಲ್ಲಿ ಥರ್ಮೋಕೋಲ್ ಇದ್ದರೆ ಕೇಳಬೇಕೆ? ಅದು 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಹೊತ್ತಿದರೆ ಕಪ್ಪು ಹೊಗೆ ಕಾರುತ್ತದೆ. ಪಿವಿಸಿ ಹಲಗೆ ಅಷ್ಟು ಬೇಗ ಹೊತ್ತದು, ಆದರೆ ಸುಟ್ಟಾಗ ಗಂಟಲು, ಕಣ್ಣು ಸುಡುವ ಆಮ್ಲದ ಹೊಗೆ ಬರುತ್ತದೆ. ಜಿಪ್ಸಮ್ ಮಾತ್ರ ಸಾಧು. ಅದರ ತೂಕದ ಸುಮಾರು ಐದರಲ್ಲಿ ಒಂದು ಪಾಲು ನೀರೇ. ಬಿಸಿಗೆ ಆ ನೀರು ಆವಿಯಾಗಿ ಬೆಂಕಿಯನ್ನು ಒಂದಷ್ಟು ಹೊತ್ತು ತಡೆಯುತ್ತದೆ.

‘ನಮ್ಮದು ಎಲ್‌ಇಡಿ, ನಮಗೇನು ಭಯ?’ ಅನ್ನೋರು ಸ್ವಲ್ಪ ತಾಳಿ. ದೀಪ ತಣ್ಣಗಿದ್ದರೂ ಅದರ ಹಿಂದಿನ ಡ್ರೈವರ್ ಎಂಬ ಡಬ್ಬಿ ಬಿಸಿಯಾಗುತ್ತದೆ. ಗುರುತು, ಹೆಸರು ಇಲ್ಲದ ಅಗ್ಗದ ಡಬ್ಬಿಯನ್ನು ಧೂಳಿನಲ್ಲಿ ಹೂತಿಟ್ಟರೆ ಅಪಾಯ ತಪ್ಪಿದ್ದಲ್ಲ.

ಎಂಸಿಬಿ ಕಾಯುತ್ತದೆಯೇ?

ಬಹಳ ಜನರ ನಂಬಿಕೆ ಒಂದೇ: ‘ಏನಾದ್ರೂ ಆದ್ರೆ ಎಂಸಿಬಿ ಬಿದ್ದುಬಿಡುತ್ತೆ ಬಿಡಿ ಸಾರ್.’ ಇಲ್ಲೇ ಮೋಸ. ಕರೆಂಟು ಮಿತಿ ಮೀರಿ ಹರಿದರೆ ಅಥವಾ ಶಾರ್ಟ್ ಆದರೆ ಮಾತ್ರ ಎಂಸಿಬಿ ಬೀಳುತ್ತದೆ. ಸಡಿಲವಾದ ಜಾಯಿಂಟಿನಲ್ಲಿ ಕರೆಂಟು ಹೆಚ್ಚಾಗುವುದೇ ಇಲ್ಲ. ಆ ಒಂದು ಜಾಗ ಮಾತ್ರ ಕಾದು, ಕರಕಲಾಗಿ, ಕಿಡಿ ಹಾರಿಸುತ್ತದೆ. ನೆಲಕ್ಕೆ ಕರೆಂಟು ಸೋರಿದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಿಡಿಯುತ್ತದೆ, ಸಡಿಲ ಜಾಯಿಂಟನ್ನು ಅದೂ ಹಿಡಿಯದು. ಹಾಗಾಗಿ ಕಣ್ಣಿಟ್ಟು ನೋಡುವುದೇ ಮದ್ದು.

ಮರೆಯಲ್ಲಿ ಹುಟ್ಟಿದ ಬೆಂಕಿ ಏನು ಮಾಡೀತು ಅನ್ನೋದನ್ನು ಬೆಂಗಳೂರು ಕಂಡಿದೆ. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅಲ್ಲಿ ಕಾರಣ ಸೀಲಿಂಗ್ ದೀಪವಲ್ಲ, ವೈರು ಹಾದುಹೋಗುವ ಡಕ್ಟು. ಆದರೆ ಪಾಠ ಒಂದೇ: ಕಣ್ಣಿಗೆ ಬೀಳದ ಜಾಗದ ಬೆಂಕಿ ಹೊಗೆಯಾಗಿ ಬಂದು ಕೊಲ್ಲುತ್ತದೆ.

ಇಂಗ್ಲೆಂಡಿನಲ್ಲಿ ಮನೆಯ ಅಟ್ಟ ಮರದ್ದು. ಅದಕ್ಕೇ ಅಲ್ಲಿ ಬೆಂಕಿ ತಡೆಯುವ ವಿಶೇಷ ದೀಪ ಹಾಕುತ್ತಾರೆ. ನಮ್ಮಲ್ಲಿ ಮೇಲೆ ಕಾಂಕ್ರೀಟ್ ತಾರಸಿ ಇದ್ದರೆ ಬೆಂಕಿ ಸುಲಭಕ್ಕೆ ಮಹಡಿ ಹತ್ತದು. ತಗಡಿನ ಶೀಟು ಹೊದಿಸಿದ ಅಂಗಡಿಯ ಕಥೆ ಬೇರೆ. ಏಪ್ರಿಲ್ ಬಿಸಿಲಿಗೆ ಆ ಸಂದು ಮೊದಲೇ ಕಾದ ಹೆಂಚು!

ನೀವು ಮಾಡಬೇಕಾದ್ದು

ದೀಪ ಮಿಣುಕುವುದು, ಜುಂಯ್ ಸದ್ದು, ಸುಟ್ಟ ಪ್ಲಾಸ್ಟಿಕ್ ವಾಸನೆ, ದೀಪದ ಸುತ್ತ ಕಂದು ಕಲೆ: ಇವುಗಳಲ್ಲಿ ಒಂದು ಕಂಡರೂ ಮೇನ್ ಸ್ವಿಚ್ ಆಫ್ ಮಾಡಿ. ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವವರನ್ನೇ ಕರೆಸಿ. ಒಂದೆರಡು ದೀಪ ಇಳಿಸಿ ನೋಡಲು ಹೇಳಿ. ಜಾಯಿಂಟು ಟೇಪಿನಲ್ಲಿ ಬೇಡ, ಕನೆಕ್ಟರ್ ಹಾಕಿ ಡಬ್ಬಿಯೊಳಗೆ ಮುಚ್ಚಿಸಿ. ವೈರಿಗೆ ಐಎಸ್‌ಐ ಗುರುತು ಇರಲಿ. ಮೇಲಿನ ಬಚ್ಚಲಿನಿಂದ ನೀರು ಜಿನುಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಹೊಸದಾಗಿ ಸೀಲಿಂಗ್ ಮಾಡಿಸುವವರು ಇಣುಕಿ ನೋಡಲು ಒಂದು ಸಣ್ಣ ಬಾಗಿಲು ಬಿಡಿಸಿಕೊಳ್ಳಿ.

ಖರ್ಚಿನ ಮಾತಿಗೆ ಬಂದರೆ, ಅಂಗಡಿಯಲ್ಲಿ 10 ಹ್ಯಾಲೊಜನ್ ದಿನಕ್ಕೆ 10 ಗಂಟೆ ಉರಿದರೆ 5 ಯೂನಿಟ್. 7 ವ್ಯಾಟಿನ ಎಲ್‌ಇಡಿ ಹಾಕಿದರೆ 1 ಯೂನಿಟ್ಟೂ ಆಗದು. ಹಳೇ ಟ್ರಾನ್ಸ್‌ಫಾರ್ಮರ್ ಹಾಗೇ ಬಿಟ್ಟು ದೀಪ ಮಾತ್ರ ಬದಲಿಸಿದರೆ ಮಿಣುಕಾಟ ಶುರುವಾಗಬಹುದು. ಅದನ್ನೂ ತೆಗೆಸಿ.

ಅಕಸ್ಮಾತ್ ಹೊತ್ತಿಕೊಂಡರೆ ನೀರು ಎರಚಬೇಡಿ. ಕೈಗೆಟುಕಿದರೆ ಮೇನ್ ಆಫ್ ಮಾಡಿ, ಎಲ್ಲರನ್ನೂ ಹೊರಗೆ ಕರೆತಂದು 101 ಅಥವಾ 112ಕ್ಕೆ ಫೋನ್ ಮಾಡಿ. ಕಂಬದ ಕರೆಂಟು ತೆಗೆಸಲು ಬೆಸ್ಕಾಂ ಸಂಖ್ಯೆ 1912.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಅನ್ನೋದು ಹಳೇ ಗಾದೆ. ಸಂಜಯನಗರದಲ್ಲಿ ಈಗ ತೋಡೋಕೆ ಜಾಗವೂ ಇಲ್ಲ. ಈ ಭಾನುವಾರವೇ ಏಣಿ ಹಾಕಿಸಿ ನೋಡಿಸಿಬಿಡಿ.