ದಾರದ ದಾರಿ: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ

ಮನೆಯಲ್ಲಿ ಮಕ್ಕಳ ಗ್ಲೋಬ್ ಇದೆಯಾ? ಒಂದು ದಾರ ತಗೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ. ಈಗ ಬಿಗಿಯಾಗಿ ಎಳೆಯಿರಿ.

ನೋಡಿದ್ರಾ? ದಾರ ಪೆಸಿಫಿಕ್ ಸಾಗರದ ನಡುವೆ ಹೋಗಲೇ ಇಲ್ಲ. ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಏರಿ, ಆರ್ಕ್ಟಿಕ್ ಅಂಚು ಮುಟ್ಟಿ, ಅಲಾಸ್ಕಾ ಮೇಲೆ ಇಳೀತು. ಗೋಡೆ ಮೇಲಿನ ಮ್ಯಾಪು ಇದನ್ನ ಯಾವತ್ತೂ ಹೇಳಲ್ಲ.

ಈ ದಾರದ ಉದ್ದ ಸುಮಾರು 14,000 ಕಿಲೋಮೀಟರ್. ಗಂಟೆಗೆ 900ರ ವೇಗ ಅಂದ್ರೆ ಹದಿನೈದೂವರೆ ಗಂಟೆ. ಆದ್ರೆ ವಿಮಾನ ದಾರದ ಮೇಲೇ ಹೋಗಬೇಕಂತಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಬಿರುಗಾಳಿ ಬೀಸುತ್ತೆ. ಅದು ಬೆನ್ನಿಗಿದ್ರೆ ಪೆಸಿಫಿಕ್ ಸುತ್ತೋದೇ ಲಾಭ. ಎದುರಿಗಿದ್ರೆ ಗಂಟೆಗಟ್ಟಲೆ ನಷ್ಟ. ಸುತ್ತಿ ಬಂದವನೇ ಮೊದಲು ಊರು ಸೇರೋದು!

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ದಾರಿಯಲ್ಲಿ ಬಂತು. ಸುಮಾರು 17 ಗಂಟೆ, ಎಲ್ಲೂ ನಿಲ್ಲದೆ. ಶನಿವಾರ ರಾತ್ರಿ ಹೊರಟವರು ಇಳಿದಾಗ ಇಲ್ಲಿ ಸೋಮವಾರ ಬೆಳಗಿನ ಜಾವ. ಭಾನುವಾರ ಪೂರ್ತಿ ಆಕಾಶದಲ್ಲೇ ಮಾಯ.

ಹೋಗುವಾಗ ಉಲ್ಟಾ. ಚಳಿಗಾಲದಲ್ಲಿ ನಮಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ಮಧ್ಯಾಹ್ನ ಎರಡಕ್ಕೆ ಇಲ್ಲಿ ಹತ್ತಿ, 16 ಗಂಟೆ ಹಾರಿ ಇಳಿದ್ರೆ ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ. ಗಡಿಯಾರದ ಪ್ರಕಾರ ಎರಡೂವರೆ ಗಂಟೆ ಪ್ರಯಾಣ. ಊದಿದ ಕಾಲನ್ನ ಕೇಳಿದ್ರೆ ಬೇರೆ ಲೆಕ್ಕ ಹೇಳುತ್ತೆ.