ಎದೆಗೆ ಬಡಿಯುವ ಬೇಸ್

ಅಜೆಕಾರು ಕಡೆಯ ಮದುವೆ ಮನೆಯೊಂದರಲ್ಲಿ ಮೆಹೆಂದಿ ರಾತ್ರಿ ಡಿಜೆ ಹಾಕಿದರೆ, ಅಡಿಕೆ ತೋಟದಾಚೆಯ ಮನೆಗೆ ಹಾಡಿನ ಸಾಹಿತ್ಯ ತಲುಪುವುದಿಲ್ಲ. 'ಢಂ ಢಂ' ಮಾತ್ರ ತಲುಪುತ್ತದೆ. ಕಿಟಕಿಯ ಗಾಜು ನಡುಗುತ್ತದೆ, ಮಲಗಿದ ಹಿರಿಯರ ಎದೆಗೆ ಯಾರೋ ಗುದ್ದಿದಂತಾಗುತ್ತದೆ. ಹಾಡು ಬಾರದಲ್ಲಿಗೆ ಬೇಸ್ ಬರುವುದು ಹೇಗೆ?

ಉಡುಪಿಯ ಹುಲಿವೇಷ ನೋಡಿದವರಿಗೆ ಅರ್ಧ ಉತ್ತರ ಗೊತ್ತೇ ಇದೆ. ತಾಸೆಯ ಪೆಟ್ಟು ಕಿವಿಗೆ, ಡೋಲಿನ ಪೆಟ್ಟು ಎದೆಗೆ. ನಮ್ಮ ಕಿವಿ 20ರಿಂದ 20,000 ಹರ್ಟ್ಜ್‌ವರೆಗೆ ಕೇಳಿಸಿಕೊಂಡರೂ ಕೆಳತುದಿಯಲ್ಲಿ ಬಹಳ ಮಂದ. 1,000 ಹರ್ಟ್ಜ್‌ನ ಸದ್ದು ಎರಡು ಮೂರು ಡೆಸಿಬೆಲ್ ಇದ್ದರೂ ಕೇಳೀತು. 20 ಹರ್ಟ್ಜ್ ಕೇಳಲು 80ರ ಹತ್ತಿರ ಬೇಕು. ಮಂದ್ರ ಸದ್ದು ಇನ್ನೂ ಜೋರಾದಾಗ ಎದೆಗೂಡು, ಹೊಟ್ಟೆ, ಚರ್ಮ ಎಲ್ಲವೂ ಕಂಪಿಸತೊಡಗುತ್ತವೆ.

ಅಂಥ ಸದ್ದು ಹುಟ್ಟಿಸಲು ತುಂಬಾ ಗಾಳಿಯನ್ನು ತಳ್ಳಬೇಕು. 80 ಹರ್ಟ್ಜ್‌ನಷ್ಟೇ ಜೋರಾಗಿ 40 ಹರ್ಟ್ಜ್ ಬರಬೇಕಾದರೆ ಸರಿಸಬೇಕಾದ ಗಾಳಿ ನಾಲ್ಕು ಪಟ್ಟು. 18 ಇಂಚಿನ ಕೋನ್‌ನ ವಿಸ್ತೀರ್ಣ 6 ಇಂಚಿನದರ ಒಂಬತ್ತು ಪಟ್ಟು. ಹಾಗಾಗಿ ಅದು ಸ್ವಲ್ಪವೇ ಚಲಿಸಿದರೂ ಸಾಕು. ಸಬ್‌ವೂಫರ್‌ನ ಜಾಲರಿಯೊಳಕ್ಕೆ ಟಾರ್ಚ್ ಬಿಟ್ಟು ನೋಡಿ: ಬೇಸ್ ಬಂದಾಗಲೆಲ್ಲ ಕೋನ್ ಮುಂದೆ ಹಿಂದೆ ಜಗ್ಗುವುದು ಕಣ್ಣಿಗೇ ಕಾಣುತ್ತದೆ.

ಆದರೆ ದೊಡ್ಡ ಸ್ಪೀಕರ್ ಇದ್ದಮಾತ್ರಕ್ಕೆ ಆಗಲಿಲ್ಲ, ಜಾಗವೂ ಮುಖ್ಯ. ನಮ್ಮೂರಿನ ಸೆಖೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಅಂದರೆ 50 ಹರ್ಟ್ಜ್‌ನ ಒಂದು ಅಲೆಯ ಉದ್ದ 7 ಮೀಟರ್. ಅಷ್ಟು ಉದ್ದದ ಅಲೆಗೆ ಅಡಿಕೆ ಮರದ ಕಾಂಡ, ಸೋಗೆ ಅಡ್ಡಿಯೇ ಅಲ್ಲ. ಆಚೆ ಮನೆಯ ಕೋಣೆ ಗೋಡೆಯಿಂದ ಗೋಡೆಗೆ ಮೂರೂವರೆ ಮೀಟರ್ ಇದ್ದರೆ, ಅರ್ಧ ಅಲೆ ಅದರೊಳಗೆ ಸರಿಯಾಗಿ ಕೂರುತ್ತದೆ. ಗೋಡೆಗಳ ನಡುವೆ ಮರುಕಳಿಸುತ್ತಾ ಬಲವಾಗುತ್ತದೆ. ಮನೆಯಲ್ಲೇ ಪರೀಕ್ಷಿಸಬಹುದು: ಇಂಥ ಕೋಣೆಯ ಮೂಲೆಯಲ್ಲಿ ಸ್ಪೀಕರ್ ಇಟ್ಟು 50 ಹರ್ಟ್ಜ್ ಸ್ವರ ಹಾಕಿ, ಗೋಡೆಯಿಂದ ನಡುವಿಗೆ ನಡೆಯಿರಿ. ಗೋಡೆ ಹತ್ತಿರ ಗುಂಯ್ ಎನ್ನುತ್ತಿದ್ದದ್ದು ನಡುವಿನಲ್ಲಿ ಬಹುಮಟ್ಟಿಗೆ ಅಡಗುತ್ತದೆ. ಗೋಡೆಗೆ ತಾಗಿಸಿಟ್ಟ ಮಂಚದಲ್ಲಿ ಮಲಗಿದವರಿಗೇ ಉಪದ್ರ ಹೆಚ್ಚು.

ಅಂಗಳದಲ್ಲಿ ಗೋಡೆಗಳ ನೆರವಿಲ್ಲ. ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಅದಕ್ಕೇ ಬಾಕ್ಸಿನ ಮೇಲೆ ಬಾಕ್ಸ್ ಪೇರಿಸುತ್ತಾರೆ, ಅದೂ ವೇದಿಕೆಯ ಎರಡು ಬದಿಗೆ. ಆಗ, ಒಂದು ಬಾಕ್ಸ್ ಇನ್ನೊಂದಕ್ಕಿಂತ ಮೂರೂವರೆ ಮೀಟರ್ ದೂರವಾಗುವ ಜಾಗದಲ್ಲಿ 50 ಹರ್ಟ್ಜ್‌ನ ಎರಡು ಅಲೆಗಳು ಎದುರುಬದುರಾಗಿ ಒಂದನ್ನೊಂದು ಕಳೆದುಬಿಡುತ್ತವೆ. ಅಲ್ಲಿ ಕುಣಿಯುವವರು 'ಬೇಸ್ ಸಾಲದು' ಎನ್ನುತ್ತಾರೆ, ಸೌಂಡ್ಸ್‌ನವರು ಇನ್ನಷ್ಟು ಏರಿಸುತ್ತಾರೆ. ಎರಡನ್ನೂ ಒತ್ತಾಗಿ ಇಟ್ಟರೆ ಒಂದರ ಇಮ್ಮಡಿ ಒತ್ತಡ ಸಿಗುತ್ತದೆ, ಅಂಗಳದಲ್ಲಿ ಅಂಥ ಖಾಲಿ ಜಾಗವೂ ಉಳಿಯುವುದಿಲ್ಲ. ಕಡಿಮೆ ಸದ್ದಿನಲ್ಲೇ ಕುಣಿತಕ್ಕೆ ಬೇಕಾದ ಬೇಸ್ ದೊರೆಯುತ್ತದೆ.

ದೂರು ಕೊಟ್ಟವರಿಗೆ ಎದುರಾಗುವ ತೊಡಕು ಅಳತೆಯದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಅದನ್ನು ಅಳೆಯುವುದು 'ಎ' ಮಾಪಕದಲ್ಲಿ. ಮೆಲುದನಿಯನ್ನು ಕಿವಿ ಕೇಳಿಸಿಕೊಳ್ಳುವ ಬಗೆಗೆ ಹೊಂದಿಸಿದ ಈ ಮಾಪಕ 50 ಹರ್ಟ್ಜ್‌ನ ಸದ್ದಿನಿಂದ ಸುಮಾರು 30 ಡೆಸಿಬೆಲ್ ಕಳೆದೇ ತೋರಿಸುತ್ತದೆ. ಕೋಣೆಯಲ್ಲಿ 74 ಡೆಸಿಬೆಲ್ ಇರುವ 50 ಹರ್ಟ್ಜ್ ಸದ್ದು ಮೀಟರಿನಲ್ಲಿ 44 ಆಗಿ, ರಾತ್ರಿಯ ಮಿತಿಯೊಳಗೇ ಕಂಡೀತು.

ಆದ್ದರಿಂದ 'ನಿದ್ದೆ ಬರುವುದಿಲ್ಲ, ಎದೆ ನಡುಗುತ್ತದೆ' ಎನ್ನುವ ನೆರೆಯವರ ಮಾತನ್ನು ಮೀಟರಿನ ಅಂಕಿ ತೋರಿಸಿ ತಳ್ಳಿಹಾಕುವುದು ಅನ್ಯಾಯ. ಮಂದ್ರ ಸದ್ದನ್ನು ಅಷ್ಟಾಗಿ ಕಳೆಯದ 'ಸಿ' ಮಾಪಕವೂ ಇದೆ. ಎರಡರಲ್ಲೂ ಅಳೆಯಬೇಕು, ಅಂಗಳದ ಜೊತೆಗೆ ಮಲಗುವ ಕೋಣೆಯಲ್ಲೂ ಅಳೆಯಬೇಕು.