ಪೊರೆ ಕಳೆದ ಮೇಲಿನ ಕಣ್ಣು: ಮಧುಮೇಹ, ಅಕ್ಷಿಪಟಲ ಮತ್ತು ಜನಭಾಷೆಯ ತಿಳಿವಳಿಕೆ

ರೋಗಗಳಿಗೆ ಜನರು ಇಟ್ಟಿರುವ ಹೆಸರುಗಳಲ್ಲಿ ಆ ರೋಗದ ವಿವರಣೆಯೂ ಅಡಗಿರುತ್ತದೆ. ಜನಪದ ವೈದ್ಯದ ಅಧ್ಯಯನಗಳಲ್ಲಿ ಮದ್ದು, ಮಂತ್ರ, ಪಥ್ಯಗಳ ಸಂಗ್ರಹಕ್ಕೆ ದೊರೆತಷ್ಟು ಗಮನ ಈ ವಿವರಣೆಗೆ ದೊರೆತಿಲ್ಲ. ಕಣ್ಣಿನ ‘ಪೊರೆ’ ಎಂಬ ಮಾತು, ಮಧುಮೇಹಿಗಳಲ್ಲಿ ಶಸ್ತ್ರಚಿಕಿತ್ಸೆಯ ಅನಂತರ ಅಕ್ಷಿಪಟಲದಲ್ಲಿ ಉಂಟಾಗುವ ಬದಲಾವಣೆಗಳನ್ನು ಹೇಗೆ ಮರೆಮಾಡುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾವು ಕಳಚುವುದು ಪೊರೆ. ಈರುಳ್ಳಿಯ ಪದರವೂ ಪೊರೆ. ಎರಡೂ ಕಡೆ ಅದು ಮೇಲೆ ಇರುವಂಥದು, ಸುಲಿದರೆ ಹೋಗುವಂಥದು. ಆದರೆ ಕಣ್ಣಿನ ಪೊರೆ ಮೇಲೆ ಬೆಳೆದ ಪದರವಲ್ಲ. ಕಣ್ಣಿನೊಳಗಿನ ಮಸೂರವೇ ಮಬ್ಬಾಗಿರುವ ಸ್ಥಿತಿ. ಸುಶ್ರುತಸಂಹಿತೆಯು ‘ಲಿಂಗನಾಶ’ಕ್ಕೆ ಶಲಾಕೆಯ ಚಿಕಿತ್ಸೆಯನ್ನು ವಿವರಿಸುತ್ತದೆ. ಫ್ರಾನ್ಸಿನ ಜಾಕ್ ದಾವಿಯೆಲ್ ೧೭೪೭ರಲ್ಲಿ ಮಸೂರವನ್ನು ಹೊರತೆಗೆದನು; ೧೯೪೯ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕೃತಕ ಮಸೂರವನ್ನು ಅಳವಡಿಸಿದರು. ನಮ್ಮಲ್ಲಿ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿ (೧೯೧೬–೨೦೦೫) ಅವರ ನೇತ್ರಶಿಬಿರಗಳು ಈ ಚಿಕಿತ್ಸೆಯನ್ನು ಹಳ್ಳಿಗಳವರೆಗೆ ಕೊಂಡೊಯ್ದವು. ‘ಪೊರೆ ತೆಗೆಸಿದರೆ ಕಣ್ಣು ಬರುತ್ತದೆ’ ಎಂಬ ಜನರ ನಂಬಿಕೆ ಇಂತಹ ಅನುಭವದಿಂದ ಗಟ್ಟಿಯಾದುದು. ಬಹುಪಾಲು ಜನರ ವಿಷಯದಲ್ಲಿ ಅದು ನಿಜವೂ ಹೌದು.

ಮಧುಮೇಹಿಗಳ ವಿಷಯದಲ್ಲಿ ಅದು ಅರ್ಧಸತ್ಯ. ಮಸೂರದ ಹಿಂದೆ, ಕಣ್ಣಿನ ಒಳಗೋಡೆಯಲ್ಲಿ ಬಿಂಬವನ್ನು ಹಿಡಿಯುವ ಪರದೆಯೇ ಅಕ್ಷಿಪಟಲ. ದೀರ್ಘಕಾಲದ ಸಕ್ಕರೆಯ ಏರಿಕೆ ಅಲ್ಲಿನ ಸೂಕ್ಷ್ಮ ರಕ್ತನಾಳಗಳನ್ನು ಶಿಥಿಲಗೊಳಿಸಿರುತ್ತದೆ. ಶಸ್ತ್ರಚಿಕಿತ್ಸೆ ಎಷ್ಟೇ ಕುಶಲವಾಗಿ ನಡೆದರೂ ಕಣ್ಣಿನೊಳಗೆ ಒಂದಿಷ್ಟು ಉರಿಯೂತ ಉಂಟಾಗುತ್ತದೆ. ಆಗ ಬಿಡುಗಡೆಯಾಗುವ ರಾಸಾಯನಿಕಗಳಿಂದ ನಾಳಗಳು ಸೋರಿ, ಸ್ಪಷ್ಟ ದೃಷ್ಟಿಗೆ ಆಧಾರವಾದ ನಡುಭಾಗ, ಅಂದರೆ ಮ್ಯಾಕ್ಯುಲಾ, ನೀರು ತುಂಬಿ ಉಬ್ಬಬಹುದು. ಶಸ್ತ್ರಚಿಕಿತ್ಸೆಯ ಅನಂತರದ ಮ್ಯಾಕ್ಯುಲಾದ ಬದಲಾವಣೆಗಳನ್ನು ಅಮೆರಿಕದ ಇರ್ವಿನ್ ೧೯೫೩ರಲ್ಲಿಯೇ ವಿವರಿಸಿದ್ದರು. ಬ್ರಿಟನ್ನಿನ ಸುಮಾರು ೮೨,೦೦೦ ಕಣ್ಣುಗಳ ದಾಖಲೆಗಳನ್ನು ಆಧರಿಸಿ ೨೦೧೬ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಧುಮೇಹವಾಗಲಿ ಇತರ ತೊಡಕುಗಳಾಗಲಿ ಇಲ್ಲದ ಕಣ್ಣುಗಳಲ್ಲಿ ಈ ಊತದ ಪ್ರಮಾಣ ಶೇ. ೧.೧೭, ಮಧುಮೇಹಿಗಳಲ್ಲಿ ಶೇ. ೪.೦೪. ಅಕ್ಷಿಪಟಲದ ರೋಗ ಮೊದಲೇ ಇದ್ದಷ್ಟೂ ಅಪಾಯ ಹೆಚ್ಚು.

ಈ ಊತ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಕೆಲವು ವಾರಗಳ ಅನಂತರ, ಅಂದರೆ ‘ಕಣ್ಣು ಬಂದಿತು’ ಎಂದು ಮನೆಯವರು ನಿಶ್ಚಿಂತರಾದ ಮೇಲೆ. ಕ್ಷೇತ್ರಕಾರ್ಯದಲ್ಲಿ ಪರಿಚಿತರಾದ, ಉತ್ತರ ಕರ್ನಾಟಕದ ಹಿರಿಯ ಗೀಗೀ ಹಾಡುಗಾರರೊಬ್ಬರಿಗೆ ಚಿಕಿತ್ಸೆಯಾದ ಎರಡನೆಯ ತಿಂಗಳಲ್ಲಿ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣತೊಡಗಿತು. “ಪೊರಿ ಮತ್ತ ಬೆಳದೈತ್ರಿ” ಎಂದು ಅವರು ಮುಂದಿನ ವರ್ಷದ ಶಿಬಿರಕ್ಕಾಗಿ ಕಾದರು. ತಜ್ಞರು ನೋಡುವಷ್ಟರಲ್ಲಿ ಊತ ಹಳೆಯದಾಗಿ, ದೃಷ್ಟಿ ಪೂರ್ತಿ ಮರಳಲಿಲ್ಲ.

ಇಲ್ಲಿ ಒಂದೇ ಮಾತು ಎರಡು ಬೇರೆ ಸ್ಥಿತಿಗಳನ್ನು ಹೆಸರಿಸುತ್ತಿದೆ. ಮಸೂರವನ್ನು ತೆಗೆದಾಗ ಉಳಿಸಿಕೊಳ್ಳುವ ಚೀಲದ ಹಿಂಭಾಗ ತಿಂಗಳುಗಳ ಅಥವಾ ವರ್ಷಗಳ ಬಳಿಕ ಮಬ್ಬಾಗುವುದುಂಟು. ಜನರು ‘ಮತ್ತೆ ಬಂದ ಪೊರೆ’ ಎನ್ನುವುದು ಇದನ್ನೇ, ಲೇಸರ್‌ನಿಂದ ಇದು ಸುಲಭವಾಗಿ ಸರಿಹೋಗುತ್ತದೆ. ಮ್ಯಾಕ್ಯುಲಾದ ಊತಕ್ಕೆ ಉರಿಯೂತ ತಗ್ಗಿಸುವ ಹನಿಗಳು, ಕಣ್ಣಿನೊಳಗೆ ನೀಡುವ ಚುಚ್ಚುಮದ್ದು ಮುಂತಾದ ಬೇರೆಯದೇ ಚಿಕಿತ್ಸೆ ಬೇಕು, ಅದೂ ಸಕಾಲದಲ್ಲಿ.

ಹೀಗಾಗಿ ಮಧುಮೇಹಿಗಳು ಶಸ್ತ್ರಚಿಕಿತ್ಸೆಗೆ ಮೊದಲು ಅಕ್ಷಿಪಟಲದ ಪರೀಕ್ಷೆಗೆ ಒಳಗಾಗುವುದು, ಸಕ್ಕರೆ ಮತ್ತು ರಕ್ತದೊತ್ತಡಗಳನ್ನು ಹತೋಟಿಯಲ್ಲಿಡುವುದು, ಕಣ್ಣು ಚೆನ್ನಾಗಿ ಕಂಡರೂ ಹೇಳಿದ ದಿನ ಮರುಪರೀಕ್ಷೆಗೆ ಹೋಗುವುದು ಅಗತ್ಯ. ಇದನ್ನು ತಿಳಿಸಲು ಜನಪದ ಪರಂಪರೆಯೇ ಒಂದು ಹೋಲಿಕೆಯನ್ನು ಒದಗಿಸುತ್ತದೆ. ತೊಗಲುಗೊಂಬೆಯಾಟದಲ್ಲಿ ದೀಪ ಎಷ್ಟೇ ಬೆಳಗಿದರೂ ಪರದೆ ಒದ್ದೆಯಾಗಿ ಉಬ್ಬಿದ್ದರೆ ಗೊಂಬೆಯ ರೂಪ ಕೆಡುತ್ತದೆ. ‘ಪೊರೆ’ಯ ಜೊತೆಗೆ ‘ಪರದೆ’ ಎಂಬ ಮಾತನ್ನೂ ಆರೋಗ್ಯ ಕಾರ್ಯಕರ್ತರು ಬಳಕೆಗೆ ತಂದರೆ, ಹೆಸರಿಲ್ಲದ ಕಾರಣಕ್ಕೆ ಕಾಣದೆ ಉಳಿದ ಅಪಾಯ ಕಾಣುವಂತಾಗುತ್ತದೆ. ಜನಪದ ಅಧ್ಯಯನದ ಸಾಮಾಜಿಕ ಉಪಯುಕ್ತತೆಯೂ ಇಂತಹ ಕಡೆಗಳಲ್ಲಿ ಸ್ಪಷ್ಟವಾಗುತ್ತದೆ.